ಸಾವಿರದ ಮುನ್ನೂರ ಅರವತ್ತೆಂಟು ದಿನ

ಮುಂಬಯಿ ಹತ್ತಿರದ ರಬಾಳೆ ಸ್ಟೇಶನ್ನಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಮುಂಡಪ್ಪಣ್ಣನ ಹಿಟ್ಟಿನ ಕಾರ್ಖಾನೆ. ಕಲ್ಯಾಣದಿಂದ ವಾಶಿಯವರೆಗಿನ ಇನ್ನೂರ ಎಪ್ಪತ್ತು ಹೋಟೆಲುಗಳಿಗೆ ಇಡ್ಲಿ, ದೋಸೆ, ವಡೆಯ ಹಿಟ್ಟು ಹೋಗುವುದು ಅಲ್ಲಿಂದಲೇ. ಒಳಗೆ ಕಾಲಿಟ್ಟ ಕೂಡಲೇ ಎದುರು ಗೋಡೆಯಲ್ಲಿ ಒಂದು ಕರಿಹಲಗೆ. ಹಲಗೆಯ ಮೇಲೆ ದಿನವೂ ಬದಲಾಗುವ ಒಂದು ಸಂಖ್ಯೆ, ಅದರ ತಲೆಗೆ ಒಂದು ಚೆಂಡುಹೂವು. ಆಫೀಸಿನ ಗಾಜಿನ ಕೋಣೆಯಲ್ಲಿದ್ದ ಸರ್ವರ್ ಒಮ್ಮೆಯೂ ನಿಲ್ಲದೆ ಓಡಿದ ದಿನಗಳ ಲೆಕ್ಕ ಅದು.

ಹೋಟೆಲುಗಳವರು ಸಂಜೆ ಐದರಿಂದ ಏಳರವರೆಗೆ ತಮ್ಮ ತಮ್ಮ ಗಲ್ಲಾದ ಕಂಪ್ಯೂಟರಿನಿಂದ ನಾಳೆಗೆ ಎಷ್ಟು ಕಿಲೋ ಬೇಕೆಂದು ತುಂಬಿಸುತ್ತಿದ್ದರು. ಅಷ್ಟನ್ನೂ ಹಿಡಿದಿಟ್ಟುಕೊಂಡು, ಯಾವ ಟೆಂಪೋಕ್ಕೆ ಯಾವ ಡಬ್ಬಿ ಎಂದು ಪಟ್ಟಿ ಮಾಡಿ ಕೊಡುತ್ತಿದ್ದುದು ಆ ಯಂತ್ರ. ಮುಂಡಪ್ಪಣ್ಣನಿಗೆ ಅದರ ಮೇಲೆ ಬಹಳ ಹೆಮ್ಮೆ. ಹದಿನಾಲ್ಕನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಠಾಣೆಯ ಹೋಟೆಲಿನಲ್ಲಿ ಲೋಟ ತೊಳೆದವರು ಅವರು. ರಜೆ ಎಂಬುದನ್ನು ಕಂಡವರಲ್ಲ. ತಮ್ಮ ಹಾಗೆಯೇ ರಜೆ ಕೇಳದ ಯಂತ್ರವೊಂದು ಸಿಕ್ಕಿದ್ದು ಅವರಿಗೆ ಮನೆಯಲ್ಲಿ ಇನ್ನೊಬ್ಬ ಮಗ ಹುಟ್ಟಿದಷ್ಟು ಸಂತೋಷ. ಸಾವಿರ ದಿನ ತುಂಬಿದಾಗ ಇಡೀ ಕಾರ್ಖಾನೆಗೆ ಶಿರಾ ಹಂಚಿಸಿದ್ದರು.

ಆ ಶಿರಾ ಗಂಟಲಲ್ಲಿ ಇಳಿಯದವನು ಒಬ್ಬನೇ, ಯಂತ್ರವನ್ನು ನೋಡಿಕೊಳ್ಳುವ ಜಯಶೀಲ.

ಜಯಶೀಲ ಬೆಳ್ಮಣ್ಣಿನ ಹತ್ತಿರದ ಹಳ್ಳಿಯವನು. ಬೀಡಿ ಕಟ್ಟಿ ಓದಿಸಿದ ಮನೆ. ಡಿಗ್ರಿ ಕಂಡದ್ದು ಅವನೇ ಮೊದಲು. 2010ರ ಜೂನಿನಲ್ಲಿ ಅವನು ಕೆಲಸಕ್ಕೆ ಸೇರಿದಾಗ ಯಂತ್ರ ಆಗಲೇ ಓಡುತ್ತಿತ್ತು. ಅದನ್ನು ತಂದು ಕೂರಿಸಿ, ಆ ವರ್ಷದ ಸಂಕ್ರಾಂತಿಯಂದು ಚಾಲೂ ಮಾಡಿದವನು ವಿಕಾಸ್ ಎಂಬ ಕಲ್ಯಾಣದ ಹುಡುಗ. ಜಯಶೀಲ ಬಂದ ಹನ್ನೊಂದನೇ ದಿನಕ್ಕೆ ಅವನು ಶಾರ್ಜಾಕ್ಕೆ ಹೊರಟುಹೋದ. ಹೋಗುವಾಗ ಕೊಟ್ಟದ್ದು ಪಾಸ್‌ವರ್ಡ್ ಬರೆದ ಅರ್ಧ ಹಾಳೆ, ಮತ್ತೆ ಒಂದು ಮಾತು.

"ಓಡ್ತಾ ಇದೆಯಲ್ಲ, ಮುಟ್ಟಬೇಡ. ಆರಾಮಾಗಿರು."

ಜಯಶೀಲ ಮುಟ್ಟಲಿಲ್ಲ. ಆದರೆ ಆರಾಮಾಗಿಯೂ ಇರಲಿಲ್ಲ. ಪ್ರತಿ ತಿಂಗಳು ಆ ಯಂತ್ರಕ್ಕೆಂದು ಪ್ಯಾಚ್‌ಗಳು ಬರುತ್ತಿದ್ದವು. ತಯಾರಿಸಿದವರಿಗೇ ಮೊದಲು ಕಾಣದ ಬಿರುಕುಗಳು ಒಂದೊಂದಾಗಿ ಪತ್ತೆಯಾದ ಹಾಗೆ ಅವನ್ನು ಮುಚ್ಚುವ ತೇಪೆಗಳು ಅವು. ಜಯಶೀಲ ಒಂದನ್ನೂ ಬಿಡದೆ ಇಳಿಸಿಕೊಂಡು, ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದ. ಹಾಕುವಂತಿರಲಿಲ್ಲ, ಅಷ್ಟೇ. ಮುಖ್ಯವಾದ ತೇಪೆಗಳು ಮೈಗೆ ಹತ್ತಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ನಿಲ್ಲಿಸಿದರೆ ಹಲಗೆಯ ಸಂಖ್ಯೆ ಸೊನ್ನೆಗೆ ಬರುತ್ತದೆ. ಅವನು ಮುಂಡಪ್ಪಣ್ಣನ ಹತ್ತಿರ ಕೇಳಿದ್ದು ನಾಲ್ಕು ಸಲ.

"ಎಂತ ಮಾರಾಯ, ಓಡುವುದಕ್ಕೆ ಯಾಕೆ ಕೈ ಹಾಕುವುದು? ಇಷ್ಟು ದಿನ ಆಗದ್ದು ಈಗ ಆಗ್ತದಾ?"

"ಇಷ್ಟು ದಿನ ಆಗ್ಲಿಲ್ಲ ಅಂದ್ರೆ ಬಾಗಿಲು ಹಾಕಿತ್ತು ಅಂತ ಅಲ್ಲ ಮುಂಡಪ್ಪಣ್ಣ. ಕಳ್ಳ ಈ ಕಡೆ ಬರ್ಲಿಲ್ಲ ಅಂತ."

"ಬರುವುದಿಲ್ಲ. ಹಿಟ್ಟು ಕದ್ದು ಎಂತ ಮಾಡ್ತಾನೆ ಅವನು?"

ಅಲ್ಲಿದ್ದವರೆಲ್ಲ ನಗುತ್ತಿದ್ದರು. ಜಯಶೀಲನೂ ನಗುತ್ತಿದ್ದ. ನಕ್ಕು ಗಾಜಿನ ಕೋಣೆಗೆ ಮರಳಿದಾಗ ಒಳಗೊಳಗೇ ಸಣ್ಣದೊಂದು ಸಮಾಧಾನವೂ ಆಗುತ್ತಿತ್ತು. ಆ ಸಮಾಧಾನದ ನೆನಪಿನಿಂದಲೇ ಅವನಿಗೆ ಆಮೇಲೆ ನಾಚಿಕೆಯಾಗುತ್ತಿತ್ತು. ಯಾಕೆಂದರೆ ಅವನ ಹೊಟ್ಟೆಯಲ್ಲಿ ಯಾರಿಗೂ ಹೇಳದ ಒಂದು ಮಾತಿತ್ತು. ಆ ಯಂತ್ರ ಏಳುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ನಿಲ್ಲಿಸಿದರೆ ಅದು ಏಳುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ವಿಕಾಸ್ ಯಾವುದನ್ನು ಹೇಗೆ ಜೋಡಿಸಿದ್ದ, ಆ ದಿನ ಕೈಯಿಂದ ಏನೇನು ಮಾಡಿದ್ದ, ಯಾವುದೂ ಎಲ್ಲಿಯೂ ಬರೆದಿರಲಿಲ್ಲ. ಹಲಗೆಯ ಸಂಖ್ಯೆ ಒಂದೊಂದು ಏರಿದ ಹಾಗೆಲ್ಲ ಆ ಭಯ ಒಂದೊಂದು ಏರುತ್ತಿತ್ತು.

ಅದರಿಂದಾಗಿ ಅವನು ಮುಂಬಯಿ ಬಿಟ್ಟು ಕದಲುವಂತಿರಲಿಲ್ಲ. ತಾನಿಲ್ಲದಾಗ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟರೆ? ಊರಿನ ಮದುವೆ, ಭೂತದ ಕೋಲ, ಸತ್ತವರ ಬೊಜ್ಜ ಎಲ್ಲವನ್ನೂ ಅವನು ತಪ್ಪಿಸಿಕೊಂಡ. ತನ್ನದೇ ಮದುವೆಗೆ ಮೂರು ದಿನ ಹೋದವನು, ಕಾರ್ಕಳದ ಮದುವೆ ಮಂಟಪದಲ್ಲಿ ಬಾಸಿಂಗ ಕಟ್ಟಿಕೊಂಡೇ ಲ್ಯಾಪ್‌ಟಾಪು ತೆರೆದು ಕೂತಿದ್ದ. ಹೆಂಡತಿ ಜ್ಯೋತ್ಸ್ನಾ ಅದನ್ನು ಡೊಂಬಿವಲಿಯ ನೆರೆಹೊರೆಗೆಲ್ಲ ಹೇಳಿ ನಗಿಸಿದ್ದಳು. ಈಗ ಅವಳಿಗೆ ಐದು ತಿಂಗಳು. ಡಿಸೆಂಬರಿನ ಕೊನೆಗೆ ಹೆರಿಗೆ, ತಾಯಿಮನೆಯಲ್ಲಿ.

"ಮಗು ಹುಟ್ಟುವಾಗ ಬರ್ತೀರಲ್ಲ?" ಎಂದು ಅವಳು ಒಂದು ಬೆಳಿಗ್ಗೆ ಕೇಳಿದಳು. ಗಾಳಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ತಿರುಗಿತ್ತು. ಅವಳು ವಾಸನೆ ತಾಳಲಾರದೆ ಕಿಟಕಿ ಹಾಕುತ್ತಿದ್ದಳು.

"ನೋಡುವ."

"ನೋಡುವ ಅಂದ್ರೆ ಬರುವುದಿಲ್ಲ ಅಂತ. ನಿಮ್ಮದು ನನಗೆ ಗೊತ್ತುಂಟು. ಆ ಪೆಟ್ಟಿಗೆಗೇ ತಾಳಿ ಕಟ್ಟಬಹುದಿತ್ತು, ನನ್ನನ್ನು ಯಾಕೆ ತಂದದ್ದು?"

ಅವನು 8.12ರ ಲೋಕಲಿಗೆ ತಡವಾಗುತ್ತದೆಂದು ಹೊರಟುಬಿಟ್ಟ. ದಾರಿಯಿಡೀ ಆ ಮಾತು ಕಿವಿಯಲ್ಲೇ ಇತ್ತು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಜನ ಅವನನ್ನು ಎತ್ತಿ ಇಳಿಸಿ, ಎತ್ತಿ ಹತ್ತಿಸಿದರು.

ಸೆಪ್ಟೆಂಬರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಪಾಸ್‌ವರ್ಡೇ ಇಲ್ಲದೆ ಹೊರಗಿನಿಂದ ಒಳಗೆ ನುಗ್ಗಬಹುದಾದ ಒಂದು ಬಿರುಕಿಗೆ ತೇಪೆ ಬಂತು. ಅದೇ ವಾರ ಹಿಂದಿನ ಬೀದಿಯಲ್ಲಿ ಲೇಬಲ್ ಅಚ್ಚು ಹಾಕುವ ಕಾರ್ಖಾನೆಯ ಕಂಪ್ಯೂಟರಿಗೆ ಯಾರೋ ಹೊಕ್ಕು ಇದ್ದದ್ದನ್ನೆಲ್ಲ ಅಳಿಸಿಹಾಕಿದರು. ಹನ್ನೊಂದು ದಿನ ಬಾಗಿಲು ಮುಚ್ಚಿತು. ಜಯಶೀಲ ತನ್ನ ಪುಸ್ತಕ ಹಿಡಿದುಕೊಂಡು ಐದನೆಯ ಸಲ ಹೋದ.

"ಅವರು ದಿನಾ ಅದನ್ನು ಬಿಚ್ಚಿ ಬಿಚ್ಚಿ ನೋಡ್ತಿದ್ರು, ಹಾಳಾಯ್ತು," ಎಂದರು ಮುಂಡಪ್ಪಣ್ಣ. "ನಾವು ಮುಟ್ಟುವುದೇ ಇಲ್ಲ. ನಮಗೆ ಎಂತ ಭಯ? ಹೋಗು, ಚಾ ಕುಡಿ."

ಚಾ ಕುಡಿಯುವಲ್ಲಿ ಶಿವರಾಯ ಸಿಕ್ಕಿದ. ಕಲಬುರಗಿ ಕಡೆಯ ಈ ಮನುಷ್ಯ ಹದಿನಾರು ಗ್ರೈಂಡರುಗಳ ಮುಖ್ಯಸ್ಥ. ಮೊಣಕೈತನಕ ಹಿಟ್ಟು ಮೆತ್ತಿಕೊಂಡೇ ಲೋಟ ಹಿಡಿದಿದ್ದ.

"ಸಾಹೇಬ್ರ, ನಿಮ್ಮ ಡಬ್ಬಿ ಮೂರು ವರ್ಷದಿಂದ ಮೈ ತೊಳ್ಕೊಂಡಿಲ್ಲಂತಲ್ರಿ? ನಾ ಒಂದು ದಿನ ಗ್ರೈಂಡರ್ ತೊಳೀಲಿಲ್ಲಂದ್ರ ಮುಂಡಪ್ಪಣ್ಣ ನನ್ನ ಹಿಡಿದು ತೊಳೀತಾರ. ನಿಮಗ ಹೂವು ಏರಿಸ್ತಾರ. ನಸೀಬ್ರೀ ನಿಮ್ದು!"

ಜಯಶೀಲನಿಗೆ ನಗು ಬರಲಿಲ್ಲ. ಅವನ ಕಣ್ಣು ಗ್ರೈಂಡರುಗಳ ಕಾಲಿನ ಮೇಲಿತ್ತು. ಒಂದೊಂದರ ಕಾಲಿಗೂ ಸೀಮೆಸುಣ್ಣದಲ್ಲಿ ಒಂದೊಂದು ತಾರೀಖು. ಕಲ್ಲು ನುಣುಪಾದರೆ ಹಿಟ್ಟು ಅರೆಯದೆ ಬಿಸಿಯಾಗುತ್ತದೆಂದು ಸರದಿಯಲ್ಲಿ ನಿಲ್ಲಿಸಿ, ಉಳಿ ಹಿಡಿದು ಕಲ್ಲು ಕುಟ್ಟಿದ ತಾರೀಖು ಅದು. ಎಷ್ಟು ದಿನ ಓಡಿತೆಂದು ಯಾರೂ ಬರೆದಿರಲಿಲ್ಲ.

ಆಯುಧಪೂಜೆ ಬಂತು. ಆ ಕಾರ್ಖಾನೆಯಲ್ಲಿ ವರ್ಷಕ್ಕೆ ಒಂದೇ ದಿನ ಹಿಟ್ಟಿಲ್ಲ. ಹೋಟೆಲುಗಳಿಗೆ ವಾರದ ಮೊದಲೇ ತಿಳಿಸಿರುತ್ತಾರೆ. ಗ್ರೈಂಡರು, ಟೆಂಪೋ, ತೂಕದ ಯಂತ್ರ, ಉಳಿ, ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ ಹೂವು ಹಾಕಿ ನಿಲ್ಲಿಸುತ್ತಾರೆ. ಸರ್ವರಿನ ತಲೆಯ ಮೇಲೂ ಒಂದು ಮಾಲೆ, ಓಡುತ್ತಿದ್ದ ಹಾಗೆಯೇ. ಪ್ರತಿ ವರ್ಷ ಭಟ್ಟರು ಹತ್ತಾರು ಕಾರ್ಖಾನೆ ಮುಗಿಸುವ ಅವಸರದಲ್ಲಿ ಗಾಜಿನ ಹೊರಗಿನಿಂದಲೇ ಆರತಿ ತೋರಿಸಿ ಹೋಗುತ್ತಿದ್ದರು. ಈ ವರ್ಷ ಅವರು ಪಕ್ಕದ ಘನ್ಸೋಲಿಯಲ್ಲೇ ಸಿಕ್ಕಿಹಾಕಿಕೊಂಡರು. ಮುಂಡಪ್ಪಣ್ಣನ ಹೆಂಡತಿ ಲೋಲಾಕ್ಷಿಯಕ್ಕ ತಾವೇ ಆರತಿ ಹಿಡಿದುಕೊಂಡು ಒಂದೊಂದೇ ಯಂತ್ರದ ಮುಂದೆ ನಿಂತು ಬಂದರು. ಕೊನೆಗೆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರು. ಹಿಂದೆ ಇಡೀ ಕಾರ್ಖಾನೆ.

"ಇದು ಯಾಕೆ ಗುಂಯ್ ಅಂತ ಉಂಟು? ನಿಲ್ಲಿಸ್ಲಿಲ್ವಾ?"

"ಅದು ನಿಲ್ಲುವ ಯಂತ್ರ ಅಲ್ಲ ಮಾರಾಯ್ತಿ," ಎಂದರು ಮುಂಡಪ್ಪಣ್ಣ. "ಹಲಗೆ ನೋಡು. ಸಾವಿರದ ಮುನ್ನೂರ ಅರವತ್ತೆಂಟು."

"ಗ್ರೈಂಡರ್ ನಿಂತಿದೆ. ಟೆಂಪೋ ನಿಂತಿದೆ. ಮನೆಯಲ್ಲಿ ಮಿಕ್ಸಿಯನ್ನೂ ನಾನು ಇವತ್ತು ಮುಟ್ಟಲಿಲ್ಲ, ಚಟ್ನಿ ಇಲ್ಲದೆ ನೀವು ದೋಸೆ ತಿಂದ್ರಿ. ಇದೇನು ಎಲ್ಲರಿಗಿಂತ ದೊಡ್ಡದಾ? ಕೆಲಸ ಮಾಡ್ತಾ ಇರುವುದರ ಹಣೆಗೆ ಕುಂಕುಮ ಇಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಕರ್ಪೂರ ಉರಿಯುತ್ತಿತ್ತು. ಲೋಲಾಕ್ಷಿಯಕ್ಕ ಕದಲಲಿಲ್ಲ. ಐದು ಸಲ ಜಯಶೀಲನ ಪುಸ್ತಕ ನೋಡಿಯೂ ಅಲುಗದ ಮುಂಡಪ್ಪಣ್ಣ, ಆರತಿ ತಟ್ಟೆಯನ್ನೂ ಹಿಂದೆ ನಿಂತ ಜನರನ್ನೂ ನೋಡಿ ಮೆಲ್ಲನೆ ಈ ಕಡೆ ತಿರುಗಿದರು.

"ಜಯಶೀಲಾ, ನಿಲ್ಲಿಸಿದ್ರೆ ಏಳ್ತದಲ್ಲ?"

ಏಳುತ್ತದೆ ಎಂದರೆ ಮುಗಿಯುತ್ತಿತ್ತು. ಏಳುವುದಿಲ್ಲ ಎಂದರೂ ಮುಗಿಯುತ್ತಿತ್ತು. ಮಾಲೆ ಹಾಕಿ ಎಲ್ಲರೂ ಹೊರಗೆ ಹೋಗುತ್ತಿದ್ದರು, ನಾಳೆ ಹಲಗೆಯಲ್ಲಿ ಒಂದು ಹೆಚ್ಚುತ್ತಿತ್ತು. ಊರಿನಲ್ಲಿ ಜಯಶೀಲ ಕಂಪ್ಯೂಟರ್ ಕಲಿತವನು. ಇಲ್ಲಿ ಅವನು ಸಾಹೇಬ. ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಎದುರು ಅವನು ಆಡಿರದ ಒಂದು ಮಾತಿತ್ತು.

"ಗೊತ್ತಿಲ್ಲ ಮುಂಡಪ್ಪಣ್ಣ."

"ಎಂತ ಗೊತ್ತಿಲ್ಲ? ಮೂರು ವರ್ಷ ಎಂತ ಮಾಡಿದ್ದು ಹಾಗಾದ್ರೆ ನೀನು?"

"ಅದು ಏಳುವುದನ್ನು ನಾನು ನೋಡಿಯೇ ಇಲ್ಲ. ನಾನು ಬರುವಾಗ ಓಡ್ತಾ ಇತ್ತು. ನಿಂತ್ರೆ ಏಳ್ತದೋ ಇಲ್ವೋ ಅಂತ ಹೆದರಿಕೊಂಡೇ ಇಷ್ಟು ದಿನ ಕಳೆದೆ." ಶುರು ಮಾಡಿದ ಮೇಲೆ ನಿಲ್ಲಿಸುವುದು ಅವನಿಗೆ ಆಗಲಿಲ್ಲ. "ಅದಕ್ಕೇ ಇವತ್ತು ನಿಲ್ಲಿಸುವ. ಇವತ್ತು ಹಿಟ್ಟಿಲ್ಲ. ಸಂಜೆ ಐದರ ತನಕ ಯಾರೂ ಇದನ್ನು ಕೇಳುವುದಿಲ್ಲ. ಆರ್ಡರಿನದ್ದೆಲ್ಲ ನಿನ್ನೆ ಪ್ರೋಗ್ರಾಮಿನ ಒಳಗಿಂದಲೇ ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿ ಇಟ್ಟಿದ್ದೇನೆ. ಬೇರೆ ಯಾವ ದಿನ ಇದು ತಾನಾಗಿ ಬಿದ್ರೂ ಮಾರನೇ ಬೆಳಿಗ್ಗೆ ಇನ್ನೂರ ಎಪ್ಪತ್ತು ಹೋಟೆಲಿನಲ್ಲಿ ಇಡ್ಲಿ ಇಲ್ಲ."

ಲೋಲಾಕ್ಷಿಯಕ್ಕ ಆರಿಹೋಗುತ್ತಿದ್ದ ಬಿಲ್ಲೆಯ ಮೇಲೆ ಇನ್ನೊಂದು ಕರ್ಪೂರದ ಬಿಲ್ಲೆ ಇಟ್ಟರು.

"ನಿಲ್ಸು," ಎಂದರು ಮುಂಡಪ್ಪಣ್ಣ.

ತೇಪೆಗಳನ್ನೆಲ್ಲ ಹಾಕಿ, ಅವನು ನಿಲ್ಲಿಸುವ ಆಜ್ಞೆ ಕೊಟ್ಟಾಗ ಹನ್ನೊಂದು ಗಂಟೆ. ಗುಂಯ್ ಎನ್ನುತ್ತಿದ್ದುದು ಇಳಿಯಿತು, ಇಳಿದು ನಿಂತಿತು. ಮೂರು ವರ್ಷ ಕಿವಿಯಲ್ಲಿದ್ದ ಸದ್ದು ಇಲ್ಲವಾದಾಗ ಜಯಶೀಲನಿಗೆ ತಲೆ ತಿರುಗಿದ ಹಾಗಾಯಿತು. ಲೋಲಾಕ್ಷಿಯಕ್ಕ ಕುಂಕುಮ ಇಟ್ಟು, ಆರತಿ ಎತ್ತಿ, ಅವನ ಕೈಗೂ ಒಂದು ಬಾಳೆಹಣ್ಣು ಕೊಟ್ಟು ಹೋದರು.

ಗುಂಡಿ ಒತ್ತಿದ. ದೀಪ ಹತ್ತಿತು. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಈ ಡಿಸ್ಕನ್ನು 1368 ದಿನಗಳಿಂದ ಪರೀಕ್ಷಿಸಿಲ್ಲ, ಪರೀಕ್ಷಿಸಲೇಬೇಕು. ಅದರ ಮುಂದೆ ಶೇಕಡಾ ಒಂದು. ಬಹಳ ಹೊತ್ತಿನ ಮೇಲೆ ಶೇಕಡಾ ಎರಡು. ಹಲಗೆಯ ಮೇಲೆ ಹೂವು ಮುಡಿದಿದ್ದ ಅದೇ ಸಂಖ್ಯೆ ಇಲ್ಲಿ ದೂರಿನ ಹಾಗೆ ಕೂತಿತ್ತು. ಅವನು ಬಾಳೆಹಣ್ಣು ಹಿಡಿದುಕೊಂಡೇ ಕೂತ. ನೂರು ತುಂಬುವಾಗ ಒಂದು ಗಂಟೆ ದಾಟಿತ್ತು.

ಯಂತ್ರ ಎದ್ದಿತು. ಆದರೆ ಆರ್ಡರಿನ ಪ್ರೋಗ್ರಾಂ ಏಳಲಿಲ್ಲ. ಹುಡುಕಿ ಹುಡುಕಿ, ವಿಕಾಸ್ ಅದನ್ನು ತನ್ನ ಸ್ವಂತ ಫೋಲ್ಡರಿನಲ್ಲಿ ಇಟ್ಟಿದ್ದನ್ನು ಕಂಡು ಕೈಯಿಂದ ಚಾಲೂ ಮಾಡಿದ. ಬಂತು, ಒಂದು ಹೋಟೆಲಿನ ಹೆಸರೂ ಇಲ್ಲದೆ ಖಾಲಿ ಬಂತು. ಶಾರ್ಜಾಕ್ಕೆ ಫೋನು ಹಚ್ಚಿದ.

"ಅದು ಇನ್ನೂ ಬದುಕಿದೆಯಾ?" ಎಂದು ವಿಕಾಸ್ ನಕ್ಕ. "ನೀನೇ ದೊಡ್ಡ ಮನುಷ್ಯ, ಬಿಡು."

"ನಗಬೇಡ. ಆರ್ಡರಿನ ಪಟ್ಟಿ ಎಲ್ಲಿ ಇಟ್ಟಿದ್ದಿ?"

"ಅಯ್ಯೋ, ಯಾರಿಗೆ ನೆನಪಿದೆ? ಎರಡನೇ ಡಿಸ್ಕ್ ಒಂದಿತ್ತಲ್ಲ... ಅದನ್ನು ಕೈಯಿಂದ ಹಚ್ಚಿದ ನೆನಪು. ಆಮೇಲೆ ಸರಿ ಮಾಡುವ ಅಂತಿದ್ದೆ."

ಆ ಆಮೇಲೆ ಬಂದಿರಲೇ ಇಲ್ಲ. ಎರಡನೆಯ ಡಿಸ್ಕು ಪೆಟ್ಟಿಗೆಯೊಳಗೆ ಸುಮ್ಮನೆ ಕೂತಿತ್ತು. ಬಾ ಎಂದು ಕರೆಯುವ ಸಾಲು ಎಲ್ಲಿಯೂ ಬರೆದಿರಲಿಲ್ಲ. ಜಯಶೀಲ ಆ ಸಾಲು ಬರೆದ. ಇನ್ನೂರ ಎಪ್ಪತ್ತು ಹೆಸರು ಪರದೆಯ ಮೇಲೆ ಇಳಿದವು. ಗಡಿಯಾರದಲ್ಲಿ ಮೂರು ಐವತ್ತು. ಅವನು ಎದ್ದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದು, ಮಾಡಿದ್ದನ್ನೆಲ್ಲ ಮೊದಲಿನಿಂದ ಒಂದು ಹಾಳೆಯಲ್ಲಿ ಬರೆಯತೊಡಗಿದ. ಹದಿಮೂರು ಹೆಜ್ಜೆಗಳಾದವು.

ಐದು ಗಂಟೆಗೆ ಮೊದಲ ಆರ್ಡರು ಬಂತು, ಠಾಣೆ ಪಕ್ಕದ ಕಳವಾ ಎಂಬಲ್ಲಿನ ಒಂದು ಹೋಟೆಲಿನಿಂದ, ನಲವತ್ತು ಕಿಲೋ ದೋಸೆ ಹಿಟ್ಟು. ಮುಂಡಪ್ಪಣ್ಣ ಬಾಗಿಲಲ್ಲಿ ನಿಂತು ನೋಡಿದರು. ಹೋಗುವಾಗ ಹಲಗೆಯನ್ನು ಅಂಗೈಯಿಂದ ಒರೆಸಿ, ಕೈಯನ್ನು ಪಂಚೆಗೆ ಉಜ್ಜಿಕೊಂಡರು.

ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ಒಂದು ಎಂದು ಬರೆದಿತ್ತು. ಅದರ ಮೇಲೆ ಹೂವು. ಜಯಶೀಲ ಅದರ ಮುಂದೆ ನಿಂತೇ ಬಿಟ್ಟ.

"ಇನ್ನು ಮುಂದಿನ ಆಯುಧಪೂಜೆಗೆ ನೋಡುವ," ಎಂದರು ಹಿಂದಿನಿಂದ ಮುಂಡಪ್ಪಣ್ಣ. "ವರ್ಷಕ್ಕೊಮ್ಮೆ ಸಾಕು. ಗೊತ್ತಾಯ್ತಲ್ಲ?"

ಎಂದರೆ ಇನ್ನು ಮುನ್ನೂರ ಅರವತ್ತೈದು ದಿನ ಮತ್ತೆ ಅದೇ ಗಾಜಿನ ಕೋಣೆ. ಹೊಸ ತೇಪೆಗಳು ಮತ್ತೆ ಪುಸ್ತಕದಲ್ಲಿ ಸಾಲಾಗುತ್ತವೆ. ಎಬ್ಬಿಸಲು ತಿಳಿದವನು ಅವನೊಬ್ಬನೇ.

ನವೆಂಬರಿನ ಮೊದಲ ವಾರ ಸೀಮಂತ ಮುಗಿಸಿ ಜ್ಯೋತ್ಸ್ನಾಳನ್ನು ಅವಳ ಅಣ್ಣ ಕರೆದುಕೊಂಡು ಹೊರಟ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕಿಟಕಿಯ ಸರಳಿಗೆ ಮುಖ ತಂದು ಅವಳು ಕೇಳಿದಳು, "ಹಲಗೆಯಲ್ಲಿ ಈಗ ಎಷ್ಟು?"

"ಇಪ್ಪತ್ತಮೂರು."

"ಮಗು ಹುಟ್ಟುವಾಗ ಎಪ್ಪತ್ತು ದಾಟಿರ್ತದೆ. ಅದಕ್ಕೇ ಹೆಸರಿಡಿ ನೀವು." ನಗುತ್ತಲೇ ಹೇಳಿದಳು. ಗಾಡಿ ಹೊರಟಾಗ ಅವಳು ನಗುತ್ತಿರಲಿಲ್ಲ.

ಮಾರನೆಯ ಭಾನುವಾರ ಮಧ್ಯಾಹ್ನ ಅವನು ಗ್ರೈಂಡರುಗಳ ನಡುವೆ ಹಾದು ಬರುವಾಗ ಮೂರನೆಯದು ನಿಂತಿತ್ತು. ಶಿವರಾಯ ಕಲ್ಲು ಹೊರಗೆ ತೆಗೆದು, ಮೂಗು ಬಾಯಿಗೆ ಬಟ್ಟೆ ಅಡ್ಡ ಕಟ್ಟಿಕೊಂಡು ಉಳಿಯಿಂದ ಟಕ್ ಟಕ್ ಎಂದು ಕುಟ್ಟುತ್ತಿದ್ದ.

"ಯಾರ ಹತ್ತಿರ ಕೇಳಿ ನಿಲ್ಲಿಸಿದ್ದು ಇದನ್ನು?"

ಶಿವರಾಯ ಬಟ್ಟೆ ಸರಿಸಿ ಅವನ ಮುಖ ನೋಡಿದ, ತಮಾಷೆಯೋ ಎಂದು. "ಕಲ್ಲು ಕುಟ್ಟಾಕ ಯಾರನ್ನ ಕೇಳ್ಬೇಕ್ರಿ ಸಾಹೇಬ್ರ? ನನ್ನ ಕೆಲಸ ಅಲ್ಲೇನ್ರಿ ಅದು?"

ಜಯಶೀಲ ಗಾಜಿನ ಕೋಣೆಗೆ ಹೋದ. ಆರ್ಡರು ವಿಭಾಗದ ಮಾನಸಿಯನ್ನು ಕರೆದ. ಕಲ್ಯಾಣದಲ್ಲೇ ಹುಟ್ಟಿದ ಹುಡುಗಿ. ಕನ್ನಡ ತಿಳಿಯುತ್ತಿತ್ತು, ಉತ್ತರ ಹಿಂದಿಯಲ್ಲಿ. ದಿನಾ ಹಲಗೆಗೆ ಸಂಖ್ಯೆ ಬರೆಯುವವಳೂ ಅವಳೇ. ಆ ಹದಿಮೂರು ಹೆಜ್ಜೆಗಳನ್ನು ಅವಳಿಗಾಗಿ ಇಂಗ್ಲಿಷಿನಲ್ಲಿ ಬರೆದಿದ್ದ ಹಾಳೆಯನ್ನು ಅವಳ ಕೈಗೆ ಕೊಟ್ಟು, ತನ್ನ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ.

"ಇದನ್ನು ನಿಲ್ಲಿಸಿ ಎಬ್ಬಿಸಬೇಕು. ನಾನು ಮುಟ್ಟುವುದಿಲ್ಲ. ನೀನು ಓದಿಕೊಂಡು ಒತ್ತು."

"ಸರ್, ಮೈ? ಬಂದ್ ಹೀ ರಹ ಗಯಾ ತೋ?"

"ಏಳದಿದ್ರೆ ಇಬ್ಬರೂ ಸೇರಿ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವ. ಎರಡು ಗಂಟೆ ಈಗ, ಐದರ ತನಕ ಸಮಯ ಉಂಟು."

ಒಂಬತ್ತನೆಯ ಹೆಜ್ಜೆಯಲ್ಲಿ ಅವಳು ತಡೆದಳು. ಅದಕ್ಕೂ ಹತ್ತಕ್ಕೂ ನಡುವೆ ಒಂದು ಸಾಲು ಬಿಟ್ಟುಹೋಗಿತ್ತು. ಅವನ ತಲೆಯಲ್ಲಿತ್ತು, ಹಾಳೆಯಲ್ಲಿರಲಿಲ್ಲ. ಅವನು ಜೇಬಿನಿಂದ ಒಂದು ಕೈ ತೆಗೆದು ಅದನ್ನು ಬರೆದುಕೊಟ್ಟು ಮತ್ತೆ ಕೈ ಒಳಗೆ ಹಾಕಿದ. ಹನ್ನೆರಡು ನಿಮಿಷಕ್ಕೆ ಇನ್ನೂರ ಎಪ್ಪತ್ತು ಹೆಸರುಗಳೂ ಬಂದವು. ಮಾನಸಿ ಕುರ್ಚಿಯಲ್ಲೇ ಅರ್ಧ ಎದ್ದು ಕೂತಳು. "ಬಸ್? ಇತನಾ ಹೀ?"

"ಅಷ್ಟೇ."

"ಸರ್, ಕಲ್ ಬೋರ್ಡ್ ಪೇ ಕ್ಯಾ ಲಿಖೂ?"

"ಒಂದು."

ಬೆಳಿಗ್ಗೆ ಮುಂಡಪ್ಪಣ್ಣ ಹಲಗೆಯ ಮುಂದೆ ನಿಂತದ್ದನ್ನು ಅವನು ಗಾಜಿನೊಳಗಿನಿಂದ ನೋಡಿದ. ಕರೆ ಬರುವ ಮೊದಲೇ ಎದ್ದು ಹೋದ. ಅಂಗಿಯ ಜೇಬಿನಲ್ಲಿ ಹಾಳೆ ಇತ್ತು.

"ಯಾರನ್ನು ಕೇಳಿ ನಿಲ್ಲಿಸಿದೆ?"

"ಕೇಳಲಿಲ್ಲ. ನನ್ನ ಕೆಲಸ ಅದು ಮುಂಡಪ್ಪಣ್ಣ. ಇನ್ನು ತಿಂಗಳಿಗೊಮ್ಮೆ ನಿಲ್ಲಿಸ್ತೇನೆ, ಶಿವರಾಯ ಕಲ್ಲು ಕುಟ್ಟಿದ ಹಾಗೆ."

ಮುಂಡಪ್ಪಣ್ಣ ಹಲಗೆ ನೋಡಿದರು, ಅವನನ್ನು ನೋಡಿದರು. "ಎದ್ದಿತಾ?"

"ಎದ್ದಿತು. ಹನ್ನೆರಡು ನಿಮಿಷ."

"ನೀನು ಎಬ್ಬಿಸಿದ್ದು."

"ಅಲ್ಲ, ಮಾನಸಿ. ನಾನು ಕೈ ಹಚ್ಚಲಿಲ್ಲ. ಬೇಕಾದ್ರೆ ಕರೆದು ಕೇಳಿ."

ಮುಂಡಪ್ಪಣ್ಣ ಹಲಗೆಯ ಮೇಲಿನ ಚೆಂಡುಹೂವನ್ನು ತೆಗೆದು ಮೂಸಿ, ಅಲ್ಲೇ ಗೋಡೆಯ ಗಣಪತಿಯ ಪಟಕ್ಕೆ ಸಿಕ್ಕಿಸಿದರು. "ಒಂದಕ್ಕೆಲ್ಲ ಹೂವು ಯಾಕೆ," ಎಂದು ಗೊಣಗಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

"ನಿನ್ನ ಹೆಂಡತಿಗೆ ಯಾವಾಗ?"

"ಡಿಸೆಂಬರ್ ಕೊನೆಗೆ."

"ಎಷ್ಟು ದಿನ ಬೇಕು?"

"ಹತ್ತು."

"ಎಂಟು."

ಆ ಮಧ್ಯಾಹ್ನ ಜಯಶೀಲ ಠಾಣೆ ಸ್ಟೇಶನ್ನಿನ ರಿಸರ್ವೇಶನ್ ಸಾಲಿನಲ್ಲಿ ಎರಡು ಗಂಟೆ ನಿಂತ. ಕಿಟಕಿಗೆ ಇನ್ನು ಮೂರು ಜನ ಇದ್ದಾಗ ಫೋನು ರಿಂಗಾಯಿತು. ಮಾನಸಿಯ ಹೆಸರು ನೋಡಿ ಅವನ ಕಾಲು ಹಳೆಯ ಅಭ್ಯಾಸದಿಂದ ಸಾಲು ಬಿಟ್ಟು ಒಂದು ಹೆಜ್ಜೆ ಹೊರಗೆ ಹೋಯಿತು.

"ಸರ್, ಖಡೂ ಖತಮ್ ಹೋ ಗಯಾ," ಎಂದಳು ಅವಳು. ಹಲಗೆಗೆ ಬರೆಯುವ ಸೀಮೆಸುಣ್ಣ ಮುಗಿದಿತ್ತು. "ಆತೇ ವಕ್ತ್ ಲೇಕೇ ಆನಾ."

ಅವನು ಮತ್ತೆ ಸಾಲಿಗೆ ಕಾಲಿಟ್ಟ. ಹಿಂದಿನವನು, ಒಂದು ನಿಮಿಷ ಗುರುಗುಟ್ಟಿ, ಜಾಗ ಬಿಟ್ಟ.